ಕುಸುಮಕ್ಕನ ಅಳತೆ ಪುಸ್ತಕ

ಚಾಮರಾಜಪುರಂ ರೈಲ್ವೆ ನಿಲ್ದಾಣದಿಂದ ಎರಡು ಬೀದಿ ಆಚೆ, ಹಿಟ್ಟಿನ ಗಿರಣಿಗೆ ಅಂಟಿಕೊಂಡಂತೆ ಒಂದು ಹೊಲಿಗೆ ಅಂಗಡಿ ಇದೆ. ಒಂದು ಮಿಷಿನ್ನು, ಒಂದು ಕತ್ತರಿಸುವ ಮೇಜು, ಗೋಡೆಗೆ ಒಂದು ಕನ್ನಡಿ. ಒಳಗೆ ಒಬ್ಬ ಗಿರಾಕಿ ನಿಂತರೆ ಇನ್ನೊಬ್ಬರು ಮೆಟ್ಟಿಲ ಮೇಲೆ ಕಾಯಬೇಕು. ಗಿರಣಿ ಓಡುವಾಗ ಮೇಜಿನ ಮೇಲಿನ ಗುಂಡಿ ಡಬ್ಬಿ ತಾನಾಗಿಯೇ ಸರಿಯುತ್ತಾ ಅಂಚಿಗೆ ಬರುತ್ತದೆ. ಕುಸುಮಕ್ಕ ಹೊಲಿಗೆಯಿಂದ ತಲೆ ಎತ್ತದೆಯೇ ಅದನ್ನು ಒಳಗೆ ನೂಕುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಹಾಗೇ ನೂಕುತ್ತಿದ್ದಾಳೆ.

ಕುಸುಮಕ್ಕನ ಊರು ವರುಣದ ಕಡೆಯ ಒಂದು ಹಳ್ಳಿ. ಅಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದಳು. ಹೈಸ್ಕೂಲು ದೂರ, ಬಸ್ಸು ದಿನಕ್ಕೆ ಎರಡೇ ಸಲ. ಆ ಬೇಸಿಗೆಯಲ್ಲಿ ಅಪ್ಪ ಅವಳನ್ನು ಲಕ್ಷ್ಮೀಪುರಂನಲ್ಲಿದ್ದ ದೇವಯ್ಯ ಮಾಸ್ಟರ ಅಂಗಡಿಯಲ್ಲಿ ಹೊಲಿಗೆ ಕಲಿಯಲು ಬಿಟ್ಟರು. ಜೂನ್ ಬಂತು, ಶಾಲೆ ಶುರುವಾಯಿತು, ಅವಳನ್ನು ಯಾರೂ ವಾಪಸ್ಸು ಕರೆಯಲಿಲ್ಲ. ಮಾಸ್ಟರು ಎರಡು ವರ್ಷ ಅವಳಿಂದ ಬರೀ ಅಂಚು ಮಡಿಸಿ ಹೊಲಿಸಿದರು. ‘ಬೆಳೆಯೋ ಮಕ್ಕಳ ಬಟ್ಟೇಲಿ ಜೀವ ಇರೋದು ಮಡಿಕೇಲಿ ಕಣಮ್ಮ. ಹೊರಗೆ ಕಾಣೋ ಬಟ್ಟೆ ಈ ವರ್ಷದ್ದು, ಒಳಗೆ ಮಡಿಸಿರೋದು ಬರೋ ವರ್ಷದ್ದು’ ಅನ್ನುತ್ತಿದ್ದರು. ಅದಕ್ಕೇ ಕುಸುಮಕ್ಕ ಇವತ್ತಿಗೂ ಮಕ್ಕಳ ಬಟ್ಟೆಗೆ ಕೆಳಗೆ ಮೂರು ಬೆರಳು, ಪಕ್ಕಕ್ಕೆ ಒಂದು ಬೆರಳು ಬಟ್ಟೆ ಬಿಟ್ಟೇ ಹೊಲಿಯುತ್ತಾಳೆ.

ಆ ಬೀದಿಯ ಕೊನೆಯಲ್ಲಿ ಒಂದು ಶಾಲೆ ಇದೆ. ಹಂಚಿನ ಮಾಡು, ಉದ್ದನೆಯ ಜಗಲಿ, ಒಂದರಿಂದ ಎಂಟನೇ ತರಗತಿ. ಸುತ್ತಲಿನವರಿಗೆಲ್ಲ ಅದು ಹಂಚಿನ ಶಾಲೆ. ಅದರ ಸಮವಸ್ತ್ರ ಹೊಲಿಯುವುದು ಕುಸುಮಕ್ಕನ ಕೆಲಸ. ಪ್ರತಿ ಜೂನ್ ಮೊದಲ ವಾರ ಅವಳು ಕುತ್ತಿಗೆಗೆ ಟೇಪು ಹಾಕಿಕೊಂಡು, ಅಳತೆ ಪುಸ್ತಕ ಹಿಡಿದು ಶಾಲೆಗೆ ಹೋಗುತ್ತಿದ್ದಳು. ಜಗಲಿಯಲ್ಲಿ ತೂಗುಹಾಕಿದ ಗಂಟೆಯ ಪಕ್ಕದಲ್ಲಿ ಅವಳಿಗೊಂದು ಕುರ್ಚಿ ಹಾಕುತ್ತಿದ್ದರು. ಒಬ್ಬೊಬ್ಬರೇ ಬಂದು ನಿಲ್ಲುತ್ತಿದ್ದರು. ‘ಕೈ ಎತ್ತು, ಉಸಿರು ಬಿಡು, ಹೊಟ್ಟೆ ಒಳಗೆ ಎಳ್ಕೋಬೇಡ’ ಅನ್ನುವುದನ್ನು ಬಿಟ್ಟರೆ ಅವಳು ಹೆಚ್ಚು ಮಾತಾಡುವವಳಲ್ಲ. ಆದರೆ ಒಳಗೆ ಮಗ್ಗಿ ಹೇಳುವುದು, ಮೇಷ್ಟ್ರು ಗದರುವುದು, ಗಂಟೆ ಹೊಡೆಯುವುದು ಎಲ್ಲ ಕೇಳುತ್ತಾ ಆ ಆರು ದಿನ ಶಾಲೆಯಲ್ಲಿ ಕೂತಿರುತ್ತಿದ್ದಳು. ಆ ವಾರ ಮಾತ್ರ ಅವಳು ಒಳ್ಳೆಯ ಸೀರೆ ಉಟ್ಟು ಹೋಗುವುದನ್ನು ಗಂಡ ರಾಜೇಶ ಗಮನಿಸಿದ್ದ. ಯಾಕೆ ಅಂತ ಕೇಳಿರಲಿಲ್ಲ.

ಆಮೇಲೆ ಕೊರೊನಾ ಬಂತು. ಶಾಲೆಗೆ ಬೀಗ ಬಿತ್ತು. ಎರಡು ಜೂನ್ ಹಾಗೇ ಕಳೆದುಹೋದವು. ಕುಸುಮಕ್ಕ ಮಾಸ್ಕು ಹೊಲಿದಳು, ದಿಂಬಿನ ಕವರು ಹೊಲಿದಳು. ಹಂಚಿನ ಶಾಲೆಯ ಪಾಠ ಮೊಬೈಲಿಗೆ ಬಂತು. ಪಕ್ಕದ ಮನೆಯ ಸಿಂಚನ ಏಳನೇ ತರಗತಿ. ಅವರ ಮನೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ ಅಪ್ಪನ ಫೋನು ಹಿಡಿದು ಕುಸುಮಕ್ಕನ ಅಂಗಡಿ ಮೆಟ್ಟಿಲ ಮೇಲೆ ಕೂತು ಕ್ಲಾಸು ಕೇಳುತ್ತಿದ್ದಳು. ಮಿಷಿನ್ ಸದ್ದು ಅಡ್ಡಿಯಾಗಬಾರದೆಂದು ಆ ಹೊತ್ತಿನಲ್ಲಿ ಕುಸುಮಕ್ಕ ಕೈಹೊಲಿಗೆ ಇಟ್ಟುಕೊಳ್ಳುತ್ತಿದ್ದಳು.

2021ರ ಆಗಸ್ಟ್‌ನಲ್ಲಿ ಹೆಡ್‌ಮೇಷ್ಟ್ರು ಅನಂತಪದ್ಮನಾಭ ಅವರು ಅಂಗಡಿಗೆ ಬಂದರು. ಜೊತೆಗೆ ಶಾಲಾ ಸಮಿತಿಯ ಅಧ್ಯಕ್ಷರು ಗುರುಮಲ್ಲಪ್ಪನವರು. ಅವರಿಗೆ ಸಂತೇಪೇಟೆಯಲ್ಲಿ ಬೇಳೆಕಾಳಿನ ಮಂಡಿ.

‘ಕುಸುಮಮ್ಮ, ಸೆಪ್ಟೆಂಬರ್ ಆರಕ್ಕೆ ಆರು, ಏಳು, ಎಂಟನೇ ಕ್ಲಾಸು ಶುರು’ ಎಂದರು ಮೇಷ್ಟ್ರು. ಅವರ ಕಣ್ಣು ಮಾಸ್ಕಿನ ಮೇಲೇ ನಗುತ್ತಿತ್ತು. ‘ನಲವತ್ತೊಂದು ಮಕ್ಕಳು. ಎಲ್ರಿಗೂ ಹೊಸ ಬಟ್ಟೆ.’

ಗುರುಮಲ್ಲಪ್ಪನವರು ಮಾತು ಸುತ್ತಿ ಬಳಸಿ ಆಡುವವರಲ್ಲ. ‘ನೋಡಿಮ್ಮಾ, ರೆಡಿಮೇಡ್ ಕಂಪನಿಯವ್ರೂ ಬಂದಿದ್ರು. ಸೈಜು ಹೇಳುದ್ರೆ ಸಾಕು, ನಾಕು ದಿನಕ್ಕೆ ಪೆಟ್ಟಿಗೆ ಬಂದು ಬೀಳ್ತದೆ. ಮೇಷ್ಟ್ರು ನೀವೇ ಆಗ್ಬೇಕು ಅಂತಾರೆ. ಆಗ್ಲಿ. ಆರನೇ ತಾರೀಕು ಹನ್ನೊಂದು ಗಂಟೆಗೆ ನಾನು ಫೋಟೋದವ್ನ ಕರ್ಕೊಂಡು ಬರ್ತೀನಿ. ಎಲ್ಲ ಮಕ್ಕಳ ಮೈಮೇಲೂ ಬಟ್ಟೆ ಸರಿಯಾಗಿ ಕೂತಿದ್ರೆ ಶಾಲೆ ಕೆಲ್ಸ ನಿಮ್ದೇ. ಇಲ್ದಿದ್ರೆ ಇನ್ಮೇಲೆ ಕಂಪನಿಯವ್ರಿಗೆ.’

ಕುಸುಮಕ್ಕ ‘ಆಗ್ಲಿ ಸಾರ್’ ಎಂದಳು. ಅವರು ಹೋದ ಮೇಲೆ ಗುಂಡಿ ಡಬ್ಬಿ ನೆಲಕ್ಕೆ ಬಿದ್ದು ಚೆಲ್ಲಿಹೋದಾಗಲೇ ತಾನು ಅದನ್ನು ನೂಕಲು ಮರೆತಿದ್ದು ಅವಳಿಗೆ ಗೊತ್ತಾದದ್ದು. ಕಂಪನಿಯವರು ಬಂದರೆ ಜೂನ್ ಮೊದಲ ವಾರ ಗಂಟೆಯ ಪಕ್ಕದ ಕುರ್ಚಿ ಇರುವುದಿಲ್ಲ. ಅವಳ ಮನಸ್ಸಿಗೆ ಬಂದದ್ದು ಅದೊಂದೇ.

ಆದರೆ ಅಳತೆ ತೆಗೆಯುವುದು ಹೇಗೆ? ಶಾಲೆಗೆ ಇನ್ನೂ ಬೀಗ. ಮನೆಮನೆಗೆ ಹೋಗಿ ಮಕ್ಕಳ ಮೈ ಮುಟ್ಟಿ ಟೇಪು ಹಿಡಿಯಲು ಅವಳಿಗೂ ಅಳುಕು, ಮನೆಯವರಿಗೂ ಅಳುಕು. ಮೇಷ್ಟ್ರು ಫೋನಿನ ಗುಂಪಿನಲ್ಲಿ ‘ಅಳತೆ ಕಳುಹಿಸಿ’ ಎಂದು ಹಾಕಿದರು. ಬಂದದ್ದನ್ನು ಸಿಂಚನ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಓದಿದಳು.

‘ಗಾರೆ ಕೆಲ್ಸದ ಮಂಟಯ್ಯ ಅಂಕಲ್ ಹಾಕಿದಾರೆ ಆಂಟಿ. ಉದ್ದ ನಾಲ್ಕು ಮುಕ್ಕಾಲು ಅಡಿ, ಅಗಲ ಒಂದಡಿ.’

‘ಅದೇನು ಮಗನೋ ಬಾಗ್ಲೋ?’ ಎಂದಳು ಮೂಲೆಯಲ್ಲಿ ಕೂತಿದ್ದ ತಿಮ್ಮಮ್ಮ. ಅವಳು ಸಿಂಚನಳ ಅಜ್ಜಿ. ಕುಸುಮಕ್ಕನ ಅಂಗಡಿಯ ಕಾಜಾ ಹೊಲಿಯುವುದು, ಗುಂಡಿ ಹಾಕುವುದು ಎಲ್ಲ ಅವಳದೇ.

‘ಸಾಗರ್ ಅವರಮ್ಮ: ಹೋದ ಸಲದ ಹಾಗೇ, ಸ್ವಲ್ಪ ದೊಡ್ಡದು. ಇನ್ನೊಬ್ರು: ಅವರಪ್ಪನ ಭುಜದ ತನಕ ಬರ್ತಾನೆ.’

ಕುಸುಮಕ್ಕ ಅದನ್ನೆಲ್ಲ ಕೇಳಿ, ನಿಟ್ಟುಸಿರುಬಿಟ್ಟು, ಮೇಜಿನ ಖಾನೆಯಿಂದ ಅಳತೆ ಪುಸ್ತಕ ತೆಗೆದಳು. 2019ರ ಜೂನ್. ಪ್ರತಿ ಮಗುವಿನ ಹೆಸರು, ಎದೆ, ಸೊಂಟ, ತೋಳು, ಉದ್ದ, ಎಲ್ಲ ಅವಳ ದುಂಡನೆಯ ಅಕ್ಷರದಲ್ಲಿ ಒಂದು ಚಿತ್ತಿಲ್ಲದೆ ಇತ್ತು. ವರ್ಷಕ್ಕೆ ಉದ್ದಕ್ಕೆ ಎರಡು ಇಂಚು, ಅಗಲಕ್ಕೆ ಒಂದು ಇಂಚು ಅನ್ನುವುದು ಅವಳ ಲೆಕ್ಕ. ಎರಡು ವರ್ಷಕ್ಕೆ ಅದರ ಎರಡರಷ್ಟು. ಆದರೂ ಒಂದು ಸಲ ಕಣ್ಣಲ್ಲಿ ನೋಡಿಬಿಡೋಣ ಎಂದು, ಮರುದಿನ ಸಿಂಚನಳ ಕ್ಲಾಸು ನಡೆಯುವಾಗ ಅವಳ ಹಿಂದೆ ಕೂತು ಫೋನು ನೋಡಿದಳು. ಪುಟ್ಟ ಪುಟ್ಟ ಚೌಕದಲ್ಲಿ ಮಕ್ಕಳ ಮುಖ. ಅದೇ ಸಾಗರ್, ಅದೇ ವಿಜಯ್‌ಕುಮಾರ್. ಇನ್ನೊಂದು ದಿನ ಏಳು, ಎಂಟಕ್ಕೆ ಒಟ್ಟಿಗೆ ಪಾಠವಿದ್ದಾಗ ಎಂಟನೇ ತರಗತಿಯ ಅನನ್ಯಳನ್ನೂ ನೋಡಿದಳು. ಮುಖ ಅಷ್ಟೇನೂ ಬದಲಾಗಿರಲಿಲ್ಲ. ಕುಸುಮಕ್ಕನಿಗೆ ಸಮಾಧಾನವಾಯಿತು.

‘ಪುಸ್ತಕದ ಲೆಕ್ಕವೇ ಸರಿ’ ಎಂದಳು.

ತಿಮ್ಮಮ್ಮ ಸೂಜಿಗೆ ದಾರ ಪೋಣಿಸುತ್ತಾ, ‘ಅಲ್ಲ ಕುಸ್ಮಾ, ಆ ಫೋನ್ನಲ್ಲಿ ಕತ್ತಿನಿಂದ ಕೆಳಕ್ಕೆ ಏನಾರ ಕಾಣ್ತದಾ? ಬರೀ ತಲೆ ನೋಡ್ಬುಟ್ಟು ಬಟ್ಟೆ ಕತ್ತರಿಸ್ತೀಯಲ್ಲ, ನೀನು ಹೊಲಿಯೋದು ಟೋಪಿನಾ?’ ಎಂದಳು.

‘ಸುಮ್ನಿರಿ ತಿಮ್ಮಮ್ಮ. ನಿಮಗೆ ಗೊತ್ತಾಗಲ್ಲ.’

‘ನಂಗೇನು ಗೊತ್ತಾದದು! ನಾನು ಎಂಟು ಹೆತ್ತೋಳು.’

ಮೂರು ವಾರ ಮಿಷಿನ್ನು ನಿಲ್ಲಲಿಲ್ಲ. ತಿಳಿನೀಲಿ ಅಂಗಿ ನಲವತ್ತೊಂದು. ಹುಡುಗರಿಗೆ ಕಡುನೀಲಿ ಪ್ಯಾಂಟು, ಹುಡುಗಿಯರಿಗೆ ಅದೇ ಬಣ್ಣದ ಸ್ಕರ್ಟು. ಕೊನೆಗೆ ಒಂದೊಂದು ಅಂಗಿಯ ಕಾಲರಿನ ಒಳಗೂ ಕೆಂಪು ದಾರದಲ್ಲಿ ಮಗುವಿನ ಹೆಸರು ಹೊಲಿದಳು. ಇದು ಯಾರೂ ಹೇಳದೆ ಅವಳೇ ಮಾಡಿಕೊಂಡು ಬಂದ ಪದ್ಧತಿ. ಪುಟ್ಟ ಅಕ್ಷರ, ಒತ್ತಕ್ಷರ ಕೂಡ ತಪ್ಪದ ಹಾಗೆ. ‘ವಿಜಯ್‌ಕುಮಾರ್’ ಅನ್ನುವ ಹೆಸರಿಗೆ ಕಾಲರಿನ ಅರ್ಧ ಉದ್ದ ಹೋಗುತ್ತಿತ್ತು.

ಆರನೇ ತಾರೀಕು ಸೋಮವಾರ. ಎಲ್ಲರೂ ಮನೆ ಬಟ್ಟೆಯಲ್ಲಿ ಬರಲಿ, ಹೊಸ ಬಟ್ಟೆ ಶಾಲೆಯಲ್ಲೇ ಒಟ್ಟಿಗೆ ಹಾಕಿಕೊಳ್ಳಲಿ, ಹಬ್ಬದ ಹಾಗಿರುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಒಂಬತ್ತು ಗಂಟೆಗೆ ಕುಸುಮಕ್ಕ ಒಳ್ಳೆಯ ಸೀರೆ ಉಟ್ಟು, ಎರಡು ಗಂಟು ಹೊತ್ತು ಗೇಟಿಗೆ ಬಂದಳು. ಹಿಂದೆ ತಿಮ್ಮಮ್ಮ ಸೂಜಿ ದಾರದ ಚೀಲ ಹಿಡಿದು ಬಂದಳು. ಗೇಟಿಗೆ ಮಾವಿನ ತೋರಣ. ಒಬ್ಬ ಟೀಚರು ಎಲ್ಲರ ಹಣೆಗೆ ಜ್ವರ ನೋಡುವ ಯಂತ್ರ ಹಿಡಿಯುತ್ತಿದ್ದರು, ಇನ್ನೊಬ್ಬರು ಕೈಗೆ ಸ್ಯಾನಿಟೈಸರ್ ಹಾಕಿ ಜೊತೆಗೊಂದು ಗುಲಾಬಿ ಕೊಡುತ್ತಿದ್ದರು.

ಅಂಗಳದಲ್ಲಿ ಸುಣ್ಣದಲ್ಲಿ ಬರೆದ ವೃತ್ತಗಳೊಳಗೆ ಮಕ್ಕಳು ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ದಿನಾ ಚೌಕದಲ್ಲಿ ಮುಖ ನೋಡಿದವರೇ ಈಗ ಮಾಸ್ಕು ಹಾಕಿಕೊಂಡು ಎದುರು ನಿಂತು, ಇವನು ಯಾರು, ಇವಳು ಯಾರು ಎಂದು ಕಳ್ಳಗಣ್ಣಿನಲ್ಲಿ ನೋಡುತ್ತಿದ್ದರು. ಕುಸುಮಕ್ಕನೂ ನೋಡಿದಳು. ಮುಖ ಕಾಣುತ್ತಿರಲಿಲ್ಲ. ಕತ್ತಿನಿಂದ ಕೆಳಗೆ ಮಾತ್ರ ಕಾಣುತ್ತಿತ್ತು.

ಬಟ್ಟೆ ಹಂಚಿದರು. ಹುಡುಗರು ಒಂದು ಕೋಣೆಗೆ, ಹುಡುಗಿಯರು ಒಂದು ಕೋಣೆಗೆ ಹೋದರು. ಮೊದಲು ಆಚೆ ಬಂದವನು ಸಾಗರ್. 2019ರಲ್ಲಿ ಕಡ್ಡಿಯಂತಿದ್ದ ಹುಡುಗ. ಈಗ ಅಂಗಿಯ ಎರಡು ಅಂಚುಗಳನ್ನು ಎರಡು ಕೈಯಲ್ಲಿ ಹಿಡಿದು ಎಳೆದರೂ ನಡುವೆ ಒಂದು ಗೇಣು ಹೊಟ್ಟೆ ಆಚೆ ಇತ್ತು.

‘ಆಂಟಿ, ಗುಂಡಿ ಸಿಗ್ತಿಲ್ಲ.’

‘ಗುಂಡಿ ಅಲ್ಲೇ ಅದೆ ಕಣೋ, ನೀನೇ ಸಿಗ್ತಿಲ್ಲ’ ಎಂದಳು ತಿಮ್ಮಮ್ಮ. ‘ಎರಡು ವರ್ಷ ಕೂತ್ಕೊಂಡು ಏನು ತಿಂದೆ?’

‘ಅಮ್ಮ ಯೂಟ್ಯೂಬ್ ನೋಡಿ ಕೇಕ್ ಮಾಡೋದು ಕಲಿತ್ರು ಅಜ್ಜಿ.’

ಅವನ ಹಿಂದೆಯೇ ವಿಜಯ್‌ಕುಮಾರ್ ಬಂದ. ದುಂಡಗಿದ್ದವನು ಬಿದಿರಿನ ಹಾಗೆ ಉದ್ದ ಹೋಗಿದ್ದ. ಅಂಗಿ ಗಾಳಿಗೆ ಬಲೂನಿನಂತೆ ಉಬ್ಬುತ್ತಿತ್ತು, ಆದರೆ ಸೊಂಟದವರೆಗೂ ಬರುತ್ತಿರಲಿಲ್ಲ. ಪ್ಯಾಂಟು ಮೀನಖಂಡದಲ್ಲೇ ನಿಂತಿತ್ತು. ಹುಡುಗಿಯರ ಕೋಣೆಯಿಂದ ಅನನ್ಯ ಬಂದಳು. ಆಗ ತರಗತಿಗೆಲ್ಲ ಎತ್ತರದವಳು ಎಂದು ಕುಸುಮಕ್ಕ ಅವಳ ಅಂಗಿಯನ್ನು ಇನ್ನೂ ಒಂದಿಂಚು ಹೆಚ್ಚಿಗೆ ಬಿಟ್ಟು ಹೊಲಿದಿದ್ದಳು. ಅನನ್ಯ ಆಗಿನಿಂದ ಬೆಳೆದೇ ಇರಲಿಲ್ಲ. ತೋಳು ಬೆರಳು ದಾಟಿ ನೇತಾಡುತ್ತಿತ್ತು. ಹೀಗೇ ಒಬ್ಬರಾದ ಮೇಲೆ ಒಬ್ಬರು ಜಗಲಿಗೆ ಬಂದರು. ಕುಸುಮಕ್ಕ ಎಣಿಸಿದಳು. ನಲವತ್ತೊಂದು ಜನರಲ್ಲಿ ಬಟ್ಟೆ ಹೇಳಿ ಮಾಡಿಸಿದಂತೆ ಕೂತಿದ್ದುದು ಒಬ್ಬಳಿಗೆ, ಸಿಂಚನಳಿಗೆ. ಅವಳನ್ನು ಕುಸುಮಕ್ಕ ದಿನಾ ಮೆಟ್ಟಿಲ ಮೇಲೆ ಕಾಲಿನಿಂದ ತಲೆಯವರೆಗೆ ನೋಡಿದ್ದಳು.

ಮೇಷ್ಟ್ರು ಗಡಿಯಾರ ನೋಡಿದರು. ಹತ್ತು ಗಂಟೆ. ಕುಸುಮಕ್ಕ ಹಿತ್ತಿಲ ಗೇಟಿನ ಕಡೆ ನೋಡಿದಳು. ತೆರೆದಿತ್ತು. ಯಾರಿಗೂ ಗೊತ್ತಾಗದ ಹಾಗೆ ಹೋಗಿಬಿಡಬಹುದಿತ್ತು. ಒಂದು ಹೆಜ್ಜೆ ಇಟ್ಟೂ ಇಟ್ಟಳು.

ಅಷ್ಟರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅನನ್ಯ ತನ್ನ ಉದ್ದ ತೋಳುಗಳನ್ನು ಆನೆಯ ಸೊಂಡಿಲಿನ ಹಾಗೆ ಬೀಸುತ್ತಿದ್ದಳು. ಸಾಗರ್ ಹೊಟ್ಟೆಯನ್ನು ಇನ್ನೂ ಮುಂದೆ ತಂದು, ‘ಲೋ, ನೀನು ವಿಜಿನಾ? ನಿನ್ನ ದನಿ ಯಾಕೋ ನಮ್ಮ ಮೇಷ್ಟ್ರ ತರ ಆಗ್ಬಿಟ್ಟದೆ!’ ಎಂದ. ವಿಜಯ್‌ಕುಮಾರ್ ತನ್ನ ಒಡೆದ ದನಿಯಲ್ಲಿ, ‘ನೀನು ಸಾಗರ್ರಾ, ಸಾಗರಾನೇ ಕುಡ್ದಿದ್ದೀಯಾ?’ ಎಂದ. ಜಗಲಿ ತುಂಬ ನಗು ಎದ್ದಿತು. ವೃತ್ತ ಬಿಟ್ಟು ಆಚೆ ಬಾರದಿದ್ದ ಮಕ್ಕಳು ಒಬ್ಬರ ಬಟ್ಟೆ ಒಬ್ಬರು ತೋರಿಸಿ ನಗತೊಡಗಿದರು. ಅದರ ಮಧ್ಯೆ ಸಾಗರ್, ‘ನಿಂದು ಕೊಡೋ ಇಲ್ಲಿ, ನೋಡಾಣ’ ಎಂದು ವಿಜಯ್‌ಕುಮಾರನ ಅಂಗಿ ಇಸಿದುಕೊಂಡು ಕೋಣೆಗೆ ಓಡಿದ. ಆಚೆ ಬಂದಾಗ ಗುಂಡಿಗಳೆಲ್ಲ ಹಾಕಿದ್ದವು. ಅಗಲವೂ ಸರಿ, ಉದ್ದವೂ ಸರಿ.

ಕುಸುಮಕ್ಕ ಇಟ್ಟಿದ್ದ ಹೆಜ್ಜೆ ಹಿಂದಕ್ಕೆ ತೆಗೆದುಕೊಂಡಳು.

ಹುಡುಗ ಹುಡುಗಿ ಎಲ್ಲರ ಅಂಗಿಯೂ ಒಂದೇ ಬಟ್ಟೆ, ಒಂದೇ ಬಣ್ಣ. ಅವಳ ಕಣ್ಣು ತಾನಾಗಿ ಅಳೆಯತೊಡಗಿತು. ‘ಎಲ್ರೂ ಸಾಲಾಗಿ ನಿಂತ್ಕೊಳ್ಳಿ’ ಎಂದಳು. ದನಿ ಅವಳಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. ‘ಕುಳ್ಳರು ಆ ಕಡೆ, ಉದ್ದದೋರು ಗಂಟೆ ಕಡೆ. ಅನನ್ಯ, ನಿನ್ನ ಅಂಗಿ ವಿಜಯ್‌ಗೆ. ಸಾಗರಂದು ಅನನ್ಯಂಗೆ. ಹೋಗಿ, ಬೇಗ ಹಾಕ್ಕೊಂಡು ಬನ್ನಿ.’

‘ಆಂಟಿ, ಇದ್ರಲ್ಲಿ ಗುಂಡಿ ಹುಡ್ಗೀರ ಕಡೆಗಿದೆ’ ಎಂದ ವಿಜಯ್‌ಕುಮಾರ್.

‘ಗುಂಡಿ ಯಾವ ಕಡೆಗಿದ್ರೇನೋ, ಹೊಟ್ಟೆ ಮುಚ್ತದಲ್ಲ. ಓಡು!’ ಎಂದಳು ತಿಮ್ಮಮ್ಮ.

ಎರಡು ಕೋಣೆಗಳ ಬಾಗಿಲುಗಳ ನಡುವೆ ಅಂಗಿಗಳು ಹಾರಾಡಿದವು, ಒಳಗೆ ಪ್ಯಾಂಟಿಗೆ ಪ್ಯಾಂಟು, ಸ್ಕರ್ಟಿಗೆ ಸ್ಕರ್ಟು ಬದಲಾದವು. ಟೀಚರುಗಳು ಹೊತ್ತು ತಂದು ಕೊಟ್ಟರು. ಹತ್ತೂವರೆಗೆ ಮೂವತ್ತೆರಡು ಮಕ್ಕಳಿಗೆ ಬಟ್ಟೆ ಕೂತಿತ್ತು. ಉಳಿದದ್ದು ಒಂಬತ್ತು. ಅವರದ್ದು ಬರೀ ಅದಲುಬದಲಿಗೆ ಬಗ್ಗುವಂಥದ್ದಾಗಿರಲಿಲ್ಲ. ಕುಸುಮಕ್ಕ ಗಂಟೆಯ ಪಕ್ಕ ನೆಲದ ಮೇಲೇ ಕೂತಳು. ಬ್ಲೇಡು ತೆಗೆದು ಮಡಿಕೆಯ ಹೊಲಿಗೆ ಬಿಚ್ಚಿದಳು. ಮೂರು ಬೆರಳು ಬಟ್ಟೆ ಒಳಗಿನಿಂದ ಇಳಿದು ಬಂತು. ಅವಳು ಬಿಚ್ಚಿದ್ದನ್ನು ತಿಮ್ಮಮ್ಮ ಅಂಚು ಕಟ್ಟಿದಳು. ಸಿಂಚನ ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟಳು. ಹೆಡ್‌ಮೇಷ್ಟ್ರು ಮೊದಲು ನಿಂತು ನೋಡಿದರು, ಆಮೇಲೆ ಪಂಚೆ ಮೇಲಕ್ಕೆ ಕಟ್ಟಿ ಕೂತು, ‘ನನಗೂ ಒಂದು ಬ್ಲೇಡು ಕೊಡಿ’ ಎಂದರು.

ಒಂಬತ್ತನೆಯ ಪ್ಯಾಂಟಿನ ದಾರವನ್ನು ತಿಮ್ಮಮ್ಮ ಹಲ್ಲಿನಲ್ಲಿ ಕಡಿಯುತ್ತಿದ್ದಾಗ ಗೇಟಿನಲ್ಲಿ ಸ್ಕೂಟರು ನಿಂತಿತು. ಗುರುಮಲ್ಲಪ್ಪನವರು, ಹಿಂದೆ ಕ್ಯಾಮೆರಾದವನು.

ಮಕ್ಕಳು ಜಗಲಿಯ ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ನಲವತ್ತೊಂದು ತಿಳಿನೀಲಿ ಅಂಗಿ. ಗುರುಮಲ್ಲಪ್ಪನವರು ಸಾಲಿನ ಉದ್ದಕ್ಕೂ ನಡೆದು, ಒಬ್ಬೊಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ‘ಪರವಾಗಿಲ್ವೇ!’ ಎಂದರು. ‘ಒಂದ್ ಚೂರೂ ಹೆಚ್ಚು ಕಮ್ಮಿ ಇಲ್ಲ.’ ಕುಸುಮಕ್ಕನ ಎದೆಯಲ್ಲಿ ಹಿಡಿದಿದ್ದ ಉಸಿರು ಸಡಿಲವಾಗುತ್ತಿತ್ತು. ಅಷ್ಟರಲ್ಲಿ ಅವರು ವಿಜಯ್‌ಕುಮಾರನ ಕಾಲರು ಒಂದು ಕಡೆ ಮಡಚಿದ್ದನ್ನು ಕಂಡು ಸರಿಮಾಡಲು ಕೈ ಹಾಕಿದರು. ಕೆಂಪು ದಾರ ಕಣ್ಣಿಗೆ ಬಿತ್ತು. ಕನ್ನಡಕ ಏರಿಸಿ ಓದಿದರು.

‘ನಿನ್ನ ಹೆಸ್ರೇನಪ್ಪ?’

‘ವಿಜಯ್‌ಕುಮಾರ್ ಸಾರ್.’

‘ಇಲ್ಲಿ ಅನನ್ಯ ಅಂತದಲ್ಲೋ!’

ಯಾರೋ ಮಾಸ್ಕಿನೊಳಗೆ ನಕ್ಕರು. ಗುರುಮಲ್ಲಪ್ಪನವರು ಪಕ್ಕದವನ ಕಾಲರು ತಿರುಗಿಸಿದರು. ಸಾಗರನಲ್ಲಿ ವಿಜಯ್‌ಕುಮಾರ್ ಇದ್ದ. ಹಿಂದಿನ ಸಾಲಿನ ಅನನ್ಯಳಲ್ಲಿ ಸಾಗರ್ ಇದ್ದ. ಅವರು ತಿರುಗಿ ಕುಸುಮಕ್ಕನನ್ನು ನೋಡಿದರು.

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅದಕ್ಕೆ ಮುಂಚೆಯೇ ಕುಸುಮಕ್ಕ ಮುಂದೆ ಬಂದಳು.

‘ತಪ್ಪು ನಂದೇ ಸಾರ್. ಮಕ್ಕಳನ್ನ ನೋಡ್ದೆ, ಹಳೇ ಪುಸ್ತಕ ನಂಬ್ಕೊಂಡು ಹೊಲಿದ್ಬುಟ್ಟೆ. ಫೋನ್ನಲ್ಲಿ ಮುಖ ನೋಡಿ ಅಂದಾಜು ಹಾಕ್ದೆ. ಬೆಳಿಗ್ಗೆ ಒಬ್ಬಳಿಗೆ ಬಿಟ್ಟು ಯಾರಿಗೂ ಸರಿ ಆಗ್ಲಿಲ್ಲ. ಅವರವರೇ ಬದಲಾಯಿಸ್ಕೊಂಡ್ರು. ಮಿಕ್ಕಿದ್ದು ಇಲ್ಲೇ ಕೂತು ಬಿಚ್ಚಿ ಹೊಲಿದ್ವಿ.’

ಗುರುಮಲ್ಲಪ್ಪನವರು ಕೆಳಗೆ ಬಿದ್ದಿದ್ದ ದಾರದ ತುಣುಕು, ಬ್ಲೇಡು, ಮೇಷ್ಟ್ರ ಪಂಚೆಗೆ ಅಂಟಿದ್ದ ನೂಲು ಎಲ್ಲ ನೋಡಿದರು. ಒಂದು ಪ್ಯಾಂಟಿನ ಅಂಚನ್ನು ಬಗ್ಗಿ ಮುಟ್ಟಿ ನೋಡಿದರು.

‘ಬಿಚ್ಚೋಕೆ ಬಟ್ಟೆ ಎಲ್ಲಿತ್ತು?’

‘ಮೂರು ಬೆರಳು ಬಿಟ್ಟೇ ಹೊಲಿಯೋದು ಸಾರ್. ಮೊದಲಿಂದ್ಲೂ.’

ಗುರುಮಲ್ಲಪ್ಪನವರು ಅತ್ತಿತ್ತ ನೋಡಿ, ಪ್ಯಾಂಟಿನ ಆಚೆ ಬಿಟ್ಟುಕೊಂಡಿದ್ದ ತಮ್ಮ ಅಂಗಿಯ ಅಂಚನ್ನು ಒಂದು ಚೂರು ಎತ್ತಿದರು. ಪ್ಯಾಂಟಿನ ಗುಂಡಿ ಹಾಕಿರಲಿಲ್ಲ. ಬೆಲ್ಟಿನ ಮೇಲೆ ಎಲ್ಲ ನಿಂತಿತ್ತು.

‘ಒಳ್ಳೇ ಅಂಗಡೀಲಿ ಕೊಂಡ ರೆಡಿಮೇಡು ಕಣಮ್ಮ ಇದು. ಲಾಕ್‌ಡೌನ್‌ನಲ್ಲಿ ಮಂಡೀಲಿ ಕೂತು ಕೂತು ನನಗೂ ಈ ಮಕ್ಕಳ ಗತಿನೇ ಆಯ್ತು. ಬಿಡಿಸ್ಕೊಡಯ್ಯ ಅಂತ ನಾಕು ಕಡೆ ಕೊಟ್ಟೆ. ಒಳಗೆ ಒಂದು ನೂಲೂ ಬಟ್ಟೆ ಇಲ್ಲ ಅಂದ್ರು.’

ಮೊದಲು ನಕ್ಕವಳು ತಿಮ್ಮಮ್ಮ. ಆಮೇಲೆ ಇಡೀ ಜಗಲಿ. ಕ್ಯಾಮೆರಾದವನು ಅದೇ ಹೊತ್ತಿಗೆ ಗುಂಡಿ ಒತ್ತಿದ. ಆ ಫೋಟೋ ಈಗಲೂ ಹೆಡ್‌ಮೇಷ್ಟ್ರ ಕೋಣೆಯಲ್ಲಿದೆ. ಎಲ್ಲರಿಗೂ ಮಾಸ್ಕು. ಆದರೂ ಎಲ್ಲರೂ ನಗುತ್ತಿದ್ದಾರೆ ಅನ್ನುವುದು ಭುಜ ನೋಡಿದರೆ ಗೊತ್ತಾಗುತ್ತದೆ.

‘ಶಾಲೆ ಕೆಲ್ಸ ನಿಮ್ದೇ’ ಎಂದರು ಗುರುಮಲ್ಲಪ್ಪನವರು ಹೊರಡುವಾಗ. ‘ಆದ್ರೆ ಒಂದು. ಇನ್ಮೇಲೆ ಪುಸ್ತಕ ನೋಡಿ ಹೊಲಿಯಂಗಿಲ್ಲ. ಇಲ್ಲಿಗೇ ಬಂದು, ಮಕ್ಕಳನ್ನ ನಿಲ್ಲಿಸಿ ಅಳತೆ ತಗೋಬೇಕು. ಜೂನಲ್ಲಿ ಒಂದ್ಸಲ, ದಸರಾ ಆದ್ಮೇಲೆ ಒಂದ್ಸಲ. ಎಷ್ಟು ದಿನ ಆದ್ರೂ ಕೂತ್ಕೊಳ್ಳಿ.’

ಕುಸುಮಕ್ಕ ತಲೆಯಾಡಿಸಿದಳು.

ಮಧ್ಯಾಹ್ನ ಮೇಷ್ಟ್ರೇ ಕುರ್ಚಿ ತಂದು ಗಂಟೆಯ ಪಕ್ಕ ಹಾಕಿದರು. ಕುಸುಮಕ್ಕ ಹೊಸ ನೋಟ್‌ಬುಕ್ಕಿನ ಮೊದಲ ಪುಟ ತೆರೆದಳು. ಮಕ್ಕಳು ಒಬ್ಬೊಬ್ಬರೇ ಬಂದು ನಿಂತರು. ಟೇಪು ಸುತ್ತುವಷ್ಟು ಹೊತ್ತಿನಲ್ಲಿ ತಮ್ಮ ಎರಡು ವರ್ಷದ ಸುದ್ದಿಯನ್ನೆಲ್ಲ ಹೇಳಿದರು. ಒಬ್ಬಳು ಸೈಕಲ್ ಕಲಿತಿದ್ದಳು. ಒಬ್ಬನ ಮನೆಯ ನಾಯಿ ಐದು ಮರಿ ಹಾಕಿತ್ತು. ಇನ್ನೊಬ್ಬ ಅಪ್ಪನ ಜೊತೆ ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲೇ ಹನ್ನೊಂದು ಸಲ ಹತ್ತಿದ್ದ. ಒಬ್ಬಳು ಅಜ್ಜಿ ತೀರಿಕೊಂಡದ್ದನ್ನು ಹೇಳಿದಳು. ಅವಳ ಅಳತೆಯನ್ನು ಕುಸುಮಕ್ಕ ಬೇಕೆಂದೇ ನಿಧಾನವಾಗಿ ತೆಗೆದಳು.

‘ಅಂಗಿ ಎಲ್ಲ ಬಿಟ್ಹೋಗಿ. ಕಾಲರಿನ ಹೆಸರು ಬಿಚ್ಚಿ, ನಿಮ್ಮ ನಿಮ್ಮ ಹೆಸರು ಹಾಕ್ಕೊಡ್ತೀನಿ’ ಎಂದಳು ಕೊನೆಗೆ.

‘ಬೇಡ ಆಂಟಿ’ ಎಂದ ಸಾಗರ್, ಕಾಲರು ಹಿಡಿದುಕೊಂಡು. ‘ಇದು ಹಿಂಗೇ ಇರ್ಲಿ. ಇವ್ನು ಅನನ್ಯ, ನಾನು ವಿಜಿ.’

ಯಾರೂ ಅಂಗಿ ಕೊಡಲಿಲ್ಲ. ಸಂಜೆ ಗಂಟೆ ಹೊಡೆದಾಗ ಮಕ್ಕಳು ಒಬ್ಬರನ್ನೊಬ್ಬರು ಕಾಲರಿನ ಹೆಸರಿನಿಂದ ಕೂಗುತ್ತಾ ಗೇಟಿನ ಆಚೆ ಓಡಿದರು. ಕುಸುಮಕ್ಕ ಟೇಪು ಸುತ್ತಿ ಏಳುವಷ್ಟರಲ್ಲಿ ತಿಮ್ಮಮ್ಮ ಎದುರು ಬಂದು ಎರಡು ಕೈ ಎತ್ತಿ ನಿಂತಳು.

‘ಇದೇನು ತಿಮ್ಮಮ್ಮ?’

‘ನನ್ನ ರವಿಕೆ ಅಳತೆ ತಗೊಳವ್ವ. ಅದ್ನೂ ನೀನು ಅಂದಾಜಲ್ಲೇ ಹೊಲ್ದಿರೋದು. ಎರಡು ವರ್ಷದಿಂದ ಉಸಿರು ಬಿಗಿ ಹಿಡ್ಕೊಂಡೇ ಕಾಜಾ ಹೊಲಿತಾವ್ನಿ.’

ಕುಸುಮಕ್ಕ ನಗುತ್ತಾ ಮತ್ತೆ ಕುರ್ಚಿಯಲ್ಲಿ ಕೂತು, ಟೇಪು ಬಿಚ್ಚಿದಳು.

‘ಉಸಿರು ಬಿಡಿ’ ಎಂದಳು.